ಕೂಸು ನೋಡುವ ಹುಡುಗಿಯ ಕೂಲಿ

(ವಾಗದರಿಯಲ್ಲಿ ಸೇರಿದ್ದ ದುಡಿಯುವವರ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತಾಡಬೇಕೆಂದಿರುವ ಸಂಗತಿ ದೊಡ್ಡದೇನೂ ಅಲ್ಲವೆಂದು ಕೆಲವರಿಗೆ ತೋರಬಹುದು. ಕೂಲಿಯ ದರ, ಭವಿಷ್ಯ ನಿಧಿ, ಬೋನಸ್ಸು ಇವುಗಳ ಮಾತು ಬಂದಾಗ ಗಂಡಸರೆಲ್ಲ ಮುಂದೆ ಬಂದು ಕೂಡುತ್ತಾರೆ. ಕೂಸಿನ ಮಾತು ಬಂದರೆ, ಅದು ಹೆಂಗಸರ ಮಾತು ಎಂದು ಎದ್ದು ಚಹಾ ಕುಡಿಯಲು ಹೋಗುತ್ತಾರೆ. ದಯಮಾಡಿ ಇವತ್ತು ಯಾರೂ ಏಳಬೇಡಿರಿ. ಇದು ಕೂಲಿಯದೇ ಮಾತು.

ತಾಯಿ ದುಡಿಯಲು ಹೋದಾಗ ಕೂಸನ್ನು ಯಾರು ನೋಡಬೇಕು, ಅದರ ಖರ್ಚನ್ನು ಯಾರು ಹೊರಬೇಕು? ಪ್ರಶ್ನೆ ಇಷ್ಟೇ. ಸೊಲ್ಲಾಪುರದಲ್ಲಿ ಇಂಥ ಸ್ಥಳಕ್ಕೆ ಪಾಳಣಾಘರ ಎನ್ನುತ್ತಾರೆ. ಸರಕಾರಿ ಕಾಗದದಲ್ಲಿ ಶಿಶುಪಾಲನಾ ಕೇಂದ್ರ ಎಂದಿರುತ್ತದೆ. ಗಡಿಯಾಚೆ ಕರ್ನಾಟಕ ಸರಕಾರವು 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯತಿಗಳಲ್ಲಿ ಇಂಥವುಗಳನ್ನು ತೆರೆಯುತ್ತೇವೆಂದು ಹೇಳಿ, ಅದಕ್ಕೆ ಕೂಸಿನ ಮನೆ ಎಂದು ಹೆಸರಿಟ್ಟಿತು. ಹೆಸರು ಚೆನ್ನಾಗಿದೆ. ನಾವೂ ಅದನ್ನೇ ಬಳಸೋಣ.

ಮಾಲಕರು ಹೇಳುವುದೇನು? ಕೂಸಿನ ಮನೆ ನಡೆಸಲು ನಮಗೆ ಕಟ್ಟುವುದಿಲ್ಲ, ಅದು ಹೊಸ ಖರ್ಚು ಎನ್ನುತ್ತಾರೆ. ನಾವು ಹೇಳುವುದು, ಅದು ಹೊಸ ಖರ್ಚಲ್ಲ. ಕೂಸಿನ ಮನೆ ಈಗಲೂ ನಡೆದೇ ಇದೆ, ಪ್ರತಿ ಓಣಿಯಲ್ಲಿ ನಡೆದಿದೆ. ಅದನ್ನು ನಡೆಸುವವಳು ಒಂಬತ್ತು ಹತ್ತು ವರ್ಷದ ಹುಡುಗಿ, ಮನೆಯ ಹಿರಿಯ ಮಗಳು. ಅವಳ ಹೆಸರು ಶಾಲೆಯ ಪಟ್ಟಿಯಲ್ಲಿರುತ್ತದೆ, ಅವಳು ಮಾತ್ರ ಮನೆಯ ಕಟ್ಟೆಯ ಮೇಲೆ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುತ್ತಾಳೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಲ್ಲ ಶಿಕ್ಷಣ ಹಕ್ಕೆಂದು 2009ರಲ್ಲಿ ಕಾಯ್ದೆಯಾಯಿತು. ಕಾಯ್ದೆ ಅವಳನ್ನು ಶಾಲೆಗೆ ಕರೆಯುತ್ತದೆ, ಕೂಸು ಅವಳ ಸೆರಗು ಹಿಡಿದು ಜಗ್ಗುತ್ತದೆ. ತಾಯಿ ಕಟ್ಟಿದ ಬೀಡಿಯಲ್ಲಿ, ತಾಯಿ ತೆಗೆದ ಕಳೆಯಲ್ಲಿ ಈ ಹುಡುಗಿಯ ದುಡಿಮೆಯೂ ಸೇರಿದೆ. ಅವಳಿಗೆ ಕೂಲಿಯಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಮಾಲಕನಿಗೆ ಅವಳ ಮುಖವೂ ಗೊತ್ತಿಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ವಲ್ಪ ಹಿಂದಿನ ಸಂಗತಿಯನ್ನು ನೋಡೋಣ.

ಸೊಲ್ಲಾಪುರದ ಮೊದಲ ದೊಡ್ಡ ಗಿರಣಿ 1874ರಲ್ಲಿ ಹುಟ್ಟಿತು. ಹಿರಿಯರು ಅದನ್ನು ಜುನಿ ಮಿಲ್ಲು ಎಂದೇ ಕರೆಯುತ್ತಿದ್ದರು. ಮುಂದೆ ಲಕ್ಷ್ಮೀ, ವಿಷ್ಣು, ನರಸಿಂಗ ಗಿರಜಿ ಗಿರಣಿಗಳು ಬಂದವು. ಅಕ್ಕಲಕೋಟೆ ಸೀಮೆಯಿಂದಲೂ ಆಚೆಯ ಆಳಂದ, ಇಂಡಿ ಕಡೆಗಳಿಂದಲೂ ಕನ್ನಡದ ಜನ ಅಲ್ಲಿಗೆ ದುಡಿಯಲು ಹೋದರು. ಹೆಂಗಸರು ಹೆಚ್ಚಾಗಿ ನೂಲು ಸುತ್ತುವ ಖಾತೆಗಳಲ್ಲಿದ್ದರು. ಆ ಕಾಲದಲ್ಲಿ ಮುಂಬಯಿಯ ಗಿರಣಿ ಚಾಳುಗಳಲ್ಲಿ ತಾಯಂದಿರು ಕೂಸಿಗೆ ಅಫೀಮಿನ ಬಾಳಗೋಳಿ ತಿನ್ನಿಸಿ ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಕೂಸು ಸಂಜೆಯ ತನಕ ಮಿಸುಕುತ್ತಿರಲಿಲ್ಲ. ಇದನ್ನು ಕೇಳಿ ಆ ತಾಯಂದಿರನ್ನು ಬೈಯುವುದು ಸುಲಭ. ಬೇರೆ ದಾರಿ ಅವರಿಗೆ ಯಾರು ತೋರಿಸಿದ್ದರು? ಕಾರ್ಮಿಕರ ಸ್ಥಿತಿಯನ್ನು ವಿಚಾರಿಸಲು ಬಂದ ರಾಯಲ್ ಕಮಿಷನ್ 1931ರ ತನ್ನ ವರದಿಯಲ್ಲಿ, ಹೆಂಗಸರು ಬಹಳ ಇರುವ ಕಾರ್ಖಾನೆಗಳಲ್ಲಿ ಮಕ್ಕಳಿಗೆ ಜಾಗ ಬೇಕೆಂದು ಬರೆಯಿತು. 1934ರ ಕಾಯ್ದೆಯಿಂದ ಅಂಥ ಕೋಣೆ ಕೊಡಿಸುವ ಅಧಿಕಾರ ಪ್ರಾಂತ ಸರಕಾರಗಳಿಗೆ ಬಂತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಅದು ಕಡ್ಡಾಯವಾಯಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಅವರ ಆರು ವರ್ಷದೊಳಗಿನ ಮಕ್ಕಳಿಗಾಗಿ ಗಾಳಿ ಬೆಳಕಿನ ಕೋಣೆ ಬೇಕು, ಮಕ್ಕಳನ್ನು ನೋಡಲು ತರಬೇತಾದ ಹೆಂಗಸು ಬೇಕು ಎಂದಾಯಿತು. 1976ರಲ್ಲಿ ಐವತ್ತನ್ನು ಮೂವತ್ತಕ್ಕೆ ಇಳಿಸಿದರು.

ಈ ಲೆಕ್ಕದಲ್ಲಿ ಒಂದು ಮುಳ್ಳು ಅಡಗಿತ್ತು. ಮೂವತ್ತು ಹೆಂಗಸರ ತನಕ ಕೋಣೆ ಬೇಡ, ಮೂವತ್ತೊಂದನೆಯವಳು ಬಂದಳೆಂದರೆ ಬೇಕು. ಆಗ ಜಾಣ ಮಾಲಕ ಏನು ಮಾಡಿಯಾನು? ಮೂವತ್ತೊಂದನೆಯವಳನ್ನು ಬಾಗಿಲಿನಿಂದಲೇ ಕಳಿಸಿಯಾನು. ಇಲ್ಲವೆ ಅವಳನ್ನು ಗುತ್ತೆದಾರನ ಪುಸ್ತಕಕ್ಕೆ ಬರೆಸಿಯಾನು. ಹೆಣ್ಣಾಳಿನ ತಲೆ ಎಣಿಸಿ ಖರ್ಚು ಹಾಕಿದರೆ, ಖರ್ಚು ಉಳಿಸಲು ಹೆಣ್ಣಾಳನ್ನೇ ಕಡಿಮೆ ಮಾಡುತ್ತಾರೆ. ಒಳ್ಳೆಯ ಕಾಯ್ದೆಯೇ ಅವಳ ಕೆಲಸಕ್ಕೆ ಕುತ್ತು ತಂದಂತೆ.

1928ರಲ್ಲಿ ಮುಂಬಯಿಯ ಶಾಸನ ಸಭೆಯಲ್ಲಿ ಬಾಣಂತಿಯ ರಜೆಗೆ ವೇತನ ಕೊಡುವ ಮಸೂದೆ ಬಂದಾಗ ಡಾಕ್ಟರ್ ಅಂಬೇಡಕರರು ಅದಕ್ಕೆ ಬೆಂಬಲವಾಗಿ ನಿಂತರು. ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ, ಆದಕಾರಣ ಸರಕಾರವೂ ಭಾರ ಹೊರಬೇಕು. ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡು ಲಾಭ ಪಡೆಯುವವನು ಮಾಲಕ, ಆದಕಾರಣ ಅವನೂ ಪಾಲು ಕೊಡುವುದು ನ್ಯಾಯ ಎಂಬುದು ಅವರ ವಾದದ ತಿರುಳು. ಮರುವರ್ಷ ಆ ಕಾಯ್ದೆಯಾಯಿತು, ದೇಶದಲ್ಲೇ ಮೊದಲನೆಯದು. ಸುಮಾರು ನೂರು ವರ್ಷದ ಹಿಂದೆ ಆಡಿದ ಆ ಮಾತಿಗೆ ಇಂದಿಗೂ ಮಾಲಕರಲ್ಲಿ ಉತ್ತರವಿಲ್ಲ.

ತಲೆ ಎಣಿಸುವ ತಪ್ಪನ್ನು 2017ರಲ್ಲಿ ತಿದ್ದಿದರು. ಹೆರಿಗೆ ಸೌಲಭ್ಯದ ಕಾಯ್ದೆಗೆ ತಂದ ಆ ತಿದ್ದುಪಡಿಯ ಪ್ರಕಾರ ಗಂಡಸರು ಹೆಂಗಸರು ಎಲ್ಲ ಸೇರಿ ಐವತ್ತು ನೌಕರರಿದ್ದರೆ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿ ಬರಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲೂ ಇದೇ ಲೆಕ್ಕ ಉಳಿದಿದೆ. ಅದರಲ್ಲಿ ಇನ್ನೊಂದು ಮಾತಿದೆ, ಅದನ್ನು ನೀವು ಗಂಟು ಹಾಕಿಟ್ಟುಕೊಳ್ಳಬೇಕು. ಹಲವು ಮಾಲಕರು ಹಣ ಕೂಡಿಸಿ ಎಲ್ಲರಿಗೂ ಒಂದೇ ಕೂಸಿನ ಮನೆ ನಡೆಸಬಹುದು. ನಗರಪಾಲಿಕೆಯದೋ ಸೇವಾ ಸಂಸ್ಥೆಯದೋ ಇದ್ದರೆ ಅದನ್ನೂ ಬಳಸಬಹುದು. ನನ್ನಲ್ಲಿ ಜಾಗವಿಲ್ಲ, ನನ್ನದು ಸಣ್ಣ ಶೆಡ್ಡು ಎಂದು ಇನ್ನು ಮೇಲೆ ಯಾರೂ ಜಾರಿಕೊಳ್ಳುವಂತಿಲ್ಲ. ಟಾವೆಲು, ಚಾದರಗಳ ಅಂಚು ಹೊಲಿಯುವ, ಮಡಿಚಿ ಕಟ್ಟುವ ಹತ್ತು ಶೆಡ್ಡುಗಳು ಒಂದೇ ಓಣಿಯಲ್ಲಿದ್ದರೆ ಹತ್ತೂ ಸೇರಿ ಒಂದು ಕೋಣೆ ಮಾಡಲಿ.

ಆದರೆ ನಮ್ಮ ಜಿಲ್ಲೆಯ ಹೆಂಗಸರಲ್ಲಿ ಬಹು ಮಂದಿ ಶೆಡ್ಡಿನಲ್ಲೂ ಇಲ್ಲ, ಗಿರಣಿಯಲ್ಲೂ ಇಲ್ಲ. ಜುನಿ ಮಿಲ್ಲು 1960ರ ದಶಕದಲ್ಲೇ ನಿಂತಿತು, ಉಳಿದ ಹಳೆಯ ಗಿರಣಿಗಳೂ ಒಂದೊಂದಾಗಿ ನಿಂತವು. ಗಂಡನ ಗಿರಣಿ ನಿಂತ ಮನೆಯನ್ನು ಹೆಂಡತಿಯ ಬೀಡಿ ನಡೆಸಿತು. ತೆಲುಗು, ಕನ್ನಡ, ಮರಾಠಿ, ಉರ್ದು ಮಾತಾಡುವ ಸಾವಿರಾರು ಹೆಂಗಸರು ಬೀಡಿ ಕಾರ್ಖಾನೆಯಿಂದ ಎಲೆ, ತಂಬಾಕು, ದಾರ ತಂದು ಮನೆಯಲ್ಲಿ ಬೀಡಿ ಕಟ್ಟಿ ಒಪ್ಪಿಸುತ್ತಾರೆ. ಈ ಕೆಲಸ ಏಕೆ ಹಿಡಿದಿರಿ ಎಂದು ಕೇಳಿದರೆ ಬರುವ ಉತ್ತರ ಒಂದೇ: ಮನೆಯಲ್ಲೇ ಕೂತು ಮಾಡಬಹುದು, ಮಕ್ಕಳೂ ಕಣ್ಣ ಮುಂದೆ ಇರುತ್ತಾರೆ.

ಕಣ್ಣ ಮುಂದೆ ಇರುತ್ತಾರೆ, ನಿಜ. ಮೊರದ ತುಂಬ ತಂಬಾಕು, ಅದರ ಘಾಟು ಕೋಣೆಯ ತುಂಬ. ತೆವಳುವ ಕೂಸು ಕೈ ಹಾಕಿದ್ದು ತಂಬಾಕಿಗೆ, ಅದೇ ಕೈ ಬಾಯಿಗೆ. ಅಂಬೆಗಾಲಿಡುವ ಕೂಸಿನ ಸೊಂಟಕ್ಕೆ ಹಳೆಯ ಸೀರೆಯ ತುಂಡು ಕಟ್ಟಿ ಮಂಚದ ಕಾಲಿಗೆ ಬಿಗಿಯುವುದನ್ನು ನಾವು ನೋಡಿದ್ದೇವೆ. ತಾಯಿಗೆ ಕರುಣೆಯಿಲ್ಲದೆ ಕಟ್ಟಿದ್ದಲ್ಲ. ಸಂಜೆಗೆ ಸಾವಿರ ಬೀಡಿ ಎಣಿಸಿ ಕೊಡಬೇಕು. ಎಲೆ ಕತ್ತರಿಸುವ ಕತ್ತರಿ ಪಕ್ಕದಲ್ಲಿದೆ. ಒಲೆ ಇನ್ನೊಂದು ಪಕ್ಕದಲ್ಲಿದೆ. ಕಟ್ಟದೆ ಇನ್ನೇನು ಮಾಡಿಯಾಳು? ಕೂಸು ನೋಡುವವರಿಲ್ಲದ ಕಾರಣಕ್ಕೇ ಅವಳು ಮನೆ ಬಿಟ್ಟು ಹೋಗದ ಕೆಲಸ ಹಿಡಿದಳು. ಮನೆ ಬಿಟ್ಟು ಹೋಗದ ಕೆಲಸವಾದ್ದರಿಂದಲೇ ಕೂಲಿ ಕಡಿಮೆ.

1966ರಲ್ಲಿ ಬೀಡಿ ಕಾರ್ಮಿಕರಿಗಾಗಿಯೇ ಕಾಯ್ದೆಯಾಯಿತು. ಮಂಗಳೂರು ಗಣೇಶ ಬೀಡಿಯವರು ಮತ್ತಿತರ ಮಾಲಕರು ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ನ್ಯಾಯಾಲಯ ಆ ಕಾಯ್ದೆಯನ್ನು ಎತ್ತಿಹಿಡಿಯಿತು; ಮನೆಯಲ್ಲಿ ಬೀಡಿ ಕಟ್ಟುವವಳೂ ಕಾರ್ಮಿಕಳೇ, ನಡುವೆ ಗುತ್ತೆದಾರನಿದ್ದರೂ ಮಾಲಕ ಹೊಣೆ ತಪ್ಪಿಸಿಕೊಳ್ಳಲಾರ ಎಂಬುದು ಗಟ್ಟಿಯಾಯಿತು. ಭವಿಷ್ಯ ನಿಧಿಯೂ ಮನೆಯಲ್ಲಿ ದುಡಿಯುವವರಿಗೆ ಸಲ್ಲಬೇಕೆಂದು 1985ರಲ್ಲಿ ಇನ್ನೊಂದು ತೀರ್ಪು ಬಂತು. ಹೀಗೆ ಕೂಲಿ ಅವಳ ಮನೆಯ ತನಕ ಬಂತು, ನಿಧಿಯೂ ಬಂತು. ಕೂಸಿನ ಮನೆ ಮಾತ್ರ ಬರಲಿಲ್ಲ. ಏಕೆಂದರೆ ಅದೇ 1966ರ ಕಾಯ್ದೆ ಕೂಸಿನ ಕೋಣೆಯನ್ನು ಕೈಗಾರಿಕಾ ಆವರಣದಲ್ಲಿ ಮಾತ್ರ ಕೇಳಿತ್ತು, ವಾಸದ ಮನೆಯನ್ನು ಆ ಆವರಣದ ಹೊರಗಿಟ್ಟಿತ್ತು. ಹೆಂಗಸರು ಇರುವುದು ಮನೆಯಲ್ಲಿ, ಕೋಣೆ ಬೇಕಾದದ್ದು ಕಾರ್ಖಾನೆಯಲ್ಲಿ! ಆ ಕಾಯ್ದೆ ಈಗ ಹೊಸ ಸಂಹಿತೆಗಳಲ್ಲಿ ಕರಗಿಹೋಗಿದೆ. ಇದೇ ಸಮಯ. ನಿಮ್ಮ ಪುಸ್ತಕದಲ್ಲಿ ಹೆಸರಿರುವ ಮನೆಗೆಲಸದ ಬೀಡಿ ಹೆಂಗಸರನ್ನೂ ಆ ಐವತ್ತರ ಲೆಕ್ಕಕ್ಕೆ ಹಿಡಿಯಿರಿ, ಕೋಣೆಯನ್ನು ಕಾರ್ಖಾನೆಯಲ್ಲಲ್ಲ ಅವರ ಓಣಿಯಲ್ಲಿ ತೆರೆಯಿರಿ ಎಂದು ಸಂಘಗಳು ಬರೆದು ಕೇಳಬೇಕು.

ಹಣ ಎಲ್ಲಿಂದ ಬರಬೇಕು? ಲೆಕ್ಕ ಹಾಕಿ ನೋಡೋಣ. ಒಂದು ಓಣಿಯ ಐವತ್ತು ಹೆಂಗಸರು, ಒಬ್ಬೊಬ್ಬಳು ದಿನಕ್ಕೆ 800 ಬೀಡಿ ಕಟ್ಟುತ್ತಾಳೆ ಎಂದಿಟ್ಟುಕೊಳ್ಳಿರಿ. ಒಟ್ಟು 40,000 ಬೀಡಿ. ಒಂದು ಬೀಡಿಗೆ ಒಂದು ಪೈಸೆ ಹಾಕಿದರೆ ದಿನಕ್ಕೆ 400 ರೂಪಾಯಿ. ಎರಡು ಪೈಸೆ ಹಾಕಿದರೆ 800. ಇಬ್ಬರು ಹೆಂಗಸರನ್ನು ಕೂಸು ನೋಡಲು ಇಟ್ಟು, ಹಾಲಿಗೂ ಗಂಜಿಗೂ ಎಷ್ಟೋ ಒದಗುತ್ತದೆ. ಬೀಡಿ ಸೇದುವವನು ಎರಡು ಪೈಸೆಯನ್ನು ಗಮನಿಸುವುದೂ ಇಲ್ಲ. ಇದು ನಾವು ಕನಸಿನಲ್ಲಿ ಕಂಡ ಲೆಕ್ಕವಲ್ಲ. 1976ರ ಕಾಯ್ದೆಯ ಆಧಾರದ ಮೇಲೆ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗಾಗಿ ತಯಾರಕರಿಂದ ಸಾವಿರ ಬೀಡಿಗೆ ಇಷ್ಟೆಂದು ಕರ ಎತ್ತುತ್ತಿದ್ದರು. ಅದರಿಂದ ದವಾಖಾನೆ ನಡೆದವು, ಮಕ್ಕಳಿಗೆ ವಿದ್ಯಾರ್ಥಿವೇತನ ಸಿಕ್ಕಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಕರ ನಿಂತಿತು. ಸಾವಿರಕ್ಕೆ ಇಷ್ಟೆಂದು ಎಣಿಸುವ ರೂಢಿ ಮಾಲಕರಿಗೆ ಮರೆತಿರಲಾರದು. ಒಂದು ಎಚ್ಚರಿಕೆ ಮಾತ್ರ ಬೇಕು: ಆ ಎರಡು ಪೈಸೆ ತಾಯಿಯ ಕೂಲಿಯಿಂದ ಮುರಿದದ್ದಾಗಬಾರದು. ಒಪ್ಪಂದದ ಕಾಗದದಲ್ಲಿ ಇದನ್ನು ಬೇರೆಯಾಗಿಯೇ ಬರೆಯಿಸಬೇಕು.

ನಮ್ಮಿಂದ ಆಗದು ಎನ್ನುವವರು ಸೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಕುಂಭಾರಿಯ ಕಡೆ ಒಮ್ಮೆ ನೋಡಲಿ. ಗೋದೂತಾಯಿ ಪರುಳೇಕರರ ಹೆಸರಿನಲ್ಲಿ ಅಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಹತ್ತು ಸಾವಿರ ಮನೆಗಳಾದವು. 2006ರಲ್ಲಿ ಅವನ್ನು ಒಪ್ಪಿಸಿದರು. ಕೇಂದ್ರದ ಪಾಲು, ರಾಜ್ಯದ ಪಾಲು, ಹೆಂಗಸರ ಪಾಲು ಮೂರೂ ಕೂಡಿದ್ದವು. ಅದರ ಹಿಂದೆ ಕಾರ್ಮಿಕ ಸಂಘದ ವರ್ಷಗಟ್ಟಲೆಯ ಹೋರಾಟವಿತ್ತು. ಹತ್ತು ಸಾವಿರ ಮನೆ ಕಟ್ಟಿಸಿದ ಹೆಂಗಸರಿಗೆ ಓಣಿಗೊಂದು ಕೂಸಿನ ಮನೆ ಕಟ್ಟಿಸಲು ಬಾರದೇ?

ಗುಜರಾತಿನ ಖೇಡಾ ಜಿಲ್ಲೆಯಲ್ಲಿ ತಂಬಾಕು ಹೊಲಗಳಲ್ಲೂ ಅದನ್ನು ಹದಮಾಡುವ ಖಳಗಳಲ್ಲೂ ದುಡಿಯುವ ಹೆಂಗಸರ ಮಕ್ಕಳಿಗಾಗಿ ಸೇವಾ ಎಂಬ ಸ್ತ್ರೀಯರ ಸಂಘವು 1980ರ ದಶಕದಿಂದ ಇಂಥ ಕೇಂದ್ರಗಳನ್ನು ನಡೆಸಿದೆ. ಅಲ್ಲಿ ಕೂಸು ನೋಡುವವರು ಅದೇ ಊರಿನ ಹೆಂಗಸರು, ಬಾಗಿಲು ತೆರೆಯುವುದು ತಾಯಂದಿರ ಕೆಲಸದ ವೇಳೆಗೆ ಸರಿಯಾಗಿ. ಈ ವೇಳೆಯ ಮಾತು ಮುಖ್ಯ. ನಮ್ಮ ಅಂಗನವಾಡಿಗಳು ಒಳ್ಳೆಯ ಕೆಲಸ ಮಾಡುತ್ತಿವೆ. 1975ರ ಅಕ್ಟೋಬರ್ 2ರಂದು ಆರಂಭವಾದ ಆ ಯೋಜನೆಯಿಂದ ಎಷ್ಟೋ ಮಕ್ಕಳ ಹೊಟ್ಟೆ ತುಂಬಿದೆ. ಆದರೆ ಅಲ್ಲಿ ದಿನವೂ ಕೂಡುವುದು ಮೂರು ವರ್ಷ ತುಂಬಿದ ಮಕ್ಕಳು, ಅವರೂ ಕೆಲವೇ ತಾಸು. ಕಳೆ ತೆಗೆಯಲು ಹೋದ ತಾಯಿ ಹೊತ್ತು ಇಳಿದ ಮೇಲೆ ಬರುತ್ತಾಳೆ. ಅಂಗನವಾಡಿಯಿಂದ ಮಗುವನ್ನು ಕರೆತರಲು ಮತ್ತೆ ಆ ಹಿರಿಯ ಮಗಳೇ ಬೇಕು.

ಹೊಲದ ಮಾತು ಬಂತು. ವಾಗದರಿಯಲ್ಲಿ ಬೀಡಿಗಿಂತ ಹೊಲದ ಕೂಲಿಯೇ ಹೆಚ್ಚು. ಇಲ್ಲಿ ಒಬ್ಬ ಮಾಲಕನೆಂಬುವನಿಲ್ಲ. ಇವತ್ತು ಒಬ್ಬರ ತೊಗರಿ, ನಾಳೆ ಇನ್ನೊಬ್ಬರ ಜೋಳ. ಹತ್ತೆಕರೆಯ ರೈತನನ್ನು ಹಿಡಿದು ಕೂಸಿನ ಮನೆ ಕಟ್ಟು ಎಂದರೆ ಅವನೇ ಸಾಲದಲ್ಲಿದ್ದಾನೆ. ಹಾಗಾದರೆ? ಹಳೆಯ ಒಂದು ದಾರಿ ಇದೆ. 1972ರ ಬರಗಾಲದಲ್ಲಿ ನಮ್ಮ ಹಿರಿಯರು ಕಲ್ಲು ಒಡೆದು ರಸ್ತೆ ಮಾಡಿದ್ದು ನಿಮಗೆ ಗೊತ್ತು. ಆ ಕಾಲದಲ್ಲಿ ಬೆಳೆದ ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆಗೆ 1977ರ ಕಾಯ್ದೆಯ ಬಲ ಬಂತು. ಅದನ್ನು ನೋಡಿ 2005ರಲ್ಲಿ ದೇಶಕ್ಕೆಲ್ಲ ಕಾಯ್ದೆ ಮಾಡಿದಾಗ ಅದರಲ್ಲಿ ಬರೆದರು: ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಕೆಲಸದವರಲ್ಲೇ ಒಬ್ಬಳನ್ನು ಮಕ್ಕಳ ಕಡೆ ಬಿಡಬೇಕು, ಅವಳಿಗೂ ಎಲ್ಲರಷ್ಟೇ ಕೂಲಿ. ಎಷ್ಟು ಸರಳ! ಹತ್ತು ಮಂದಿಯ ಗುಂಪು ಕಳೆಗೆ ಹೋದರೆ ಒಂಬತ್ತು ಮಂದಿ ಕುರ್ಪಿ ಹಿಡಿಯಲಿ, ಹತ್ತನೆಯವಳು ಬೇವಿನ ಗಿಡದ ಕೆಳಗೆ ಜೋಲಿ ಕಟ್ಟಿ ಮಕ್ಕಳನ್ನು ನೋಡಲಿ, ಹತ್ತೂ ಮಂದಿಯ ಕೂಲಿ ಹೊಲದವನು ಕೊಡಲಿ. ಕೂಸು ಅತ್ತಾಗಲೆಲ್ಲ ಐದು ಮಂದಿ ಎದ್ದು ಹೋಗಿ ಬರುವುದು ತಪ್ಪಿದರೆ ಹೊಲದವನಿಗೂ ನಷ್ಟವಿಲ್ಲ. ನಮ್ಮಲ್ಲೇ ಕೆಲವರಿಗೆ ನಾಲ್ಕೆಂಟು ಎಕರೆ ಇದೆ. ಮೊದಲು ಅವರ ಹೊಲದಲ್ಲೇ ಆಗಲಿ.

ಕಬ್ಬು ಕಡಿಯುವವರ ಪಾಡು ಇದಕ್ಕಿಂತ ಕಷ್ಟದ್ದು. ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ ಎಂದು ಲೆಕ್ಕ. ಮುಕಾದಮನಿಂದ ಉಚಲು ಎತ್ತಿದವನು ಗಂಡ, ಕಬ್ಬಿನ ಹೊರೆ ಹೊತ್ತು ಲಾರಿ ಏರಿಸುವವಳು ಹೆಂಡತಿ. ಕೊರೆಯುವ ಚಳಿಯಲ್ಲಿ, ಇನ್ನೂ ಕತ್ತಲಿರುವಾಗಲೇ, ಕೂಸನ್ನು ಗೋಣಿಚೀಲದ ಮೇಲೆ ಮಲಗಿಸಿ ಕೊಯ್ತಾ ಹಿಡಿಯಬೇಕು. ಸಕ್ಕರೆ ಕಾರ್ಖಾನೆಯವರು ಇವರು ನಮ್ಮ ಕೂಲಿಗಳಲ್ಲ ಎನ್ನುತ್ತಾರೆ, ಮುಕಾದಮನು ನಾನೂ ಕೂಲಿಯವನೇ ಎನ್ನುತ್ತಾನೆ. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಬಂದ ಟನ್ನು ಕಬ್ಬನ್ನೆಲ್ಲ ತೂಗಿ ಬರೆದುಕೊಳ್ಳುವ ಕಾರ್ಖಾನೆ, ಟನ್ನಿಗೆ ಇಷ್ಟೆಂದು ಟೋಳಿಯ ಮಕ್ಕಳಿಗಾಗಿ ತೆಗೆದಿಡುವುದು ಲೆಕ್ಕದಲ್ಲಿ ಕಷ್ಟವೇನಲ್ಲ.

ಈಗ ನಮ್ಮ ಮನೆಯೊಳಗಿನ ಆಕ್ಷೇಪಗಳು. ಅತ್ತೆ ಇದ್ದಾಳಲ್ಲ, ಅವಳು ನೋಡಲಿ ಎನ್ನುತ್ತಾರೆ. ಅತ್ತೆಯೂ ಮೊರ ಹಿಡಿದು ಕೂತಿದ್ದಾಳೆ, ನೀವು ನೋಡಿಲ್ಲವೇ? ಕೆಲವು ಗಂಡಸರು, ಕೂಸನ್ನು ಬೇರೆಯವರ ಕೈಗೆ ಕೊಟ್ಟು ದುಡಿಯುವ ಗತಿ ನಮಗೆ ಬಂದಿಲ್ಲ ಎನ್ನುತ್ತಾರೆ. ಹೆಂಡತಿಯ ಕೂಲಿ ಬಂದ ದಿನ ಈ ಮಾತು ಕೇಳಿಸುವುದಿಲ್ಲ. ಮೂರನೆಯದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲದಕ್ಕಿಂತ ಗಟ್ಟಿಯಾದದ್ದು ಅದೇ. ಅಲ್ಲಿ ಕೂಸಿಗೆ ಉಣಿಸುವವಳು ಯಾವ ಜಾತಿಯವಳು? ಯಾರ ಮಗುವಿನ ಪಕ್ಕದಲ್ಲಿ ನಮ್ಮ ಮಗು ಮಲಗಬೇಕು? ಈ ಪ್ರಶ್ನೆಯನ್ನು ಬಾಗಿಲಲ್ಲೇ ಬಿಡದಿದ್ದರೆ ಓಣಿಗೊಂದಲ್ಲ, ಜಾತಿಗೊಂದು ಕೂಸಿನ ಮನೆ ಬೇಕಾದೀತು. ಎರಡು ಪೈಸೆಯಲ್ಲಿ ಅದು ಆಗುವುದಿಲ್ಲ. ಒಂದೇ ಮೇಜಿನ ಸುತ್ತ ಕೂಡುವ ನಾವಾದರೂ ಈ ವಿಷಯದಲ್ಲಿ ಬೇರೆಯವರು ಮೊದಲು ಮಾಡಲಿ ಎಂದು ಕಾಯಬಾರದು.

ಕೂಸು ನೋಡುವವಳ ಕೂಲಿಯ ಬಗ್ಗೆಯೂ ಹೇಳಬೇಕು. ಅದು ಸೇವೆ, ಗೌರವಧನ ಸಾಕು ಎಂದು ಹೇಳಿ ಅಂಗನವಾಡಿ ತಾಯಂದಿರನ್ನು ವರ್ಷಾನುಗಟ್ಟಲೆ ಬೀದಿಯಲ್ಲಿ ಧರಣಿ ಕೂಡಿಸಿದ್ದು ಸಾಕು. ಹತ್ತು ಹೆಂಗಸರ ದುಡಿಮೆ ಸಾಗಲೆಂದು ಹನ್ನೊಂದನೆಯವಳಿಗೆ ಕಡಿಮೆ ಕೊಡುವುದಾದರೆ, ಹಿರಿಯ ಮಗಳ ಜಾಗದಲ್ಲಿ ಇನ್ನೊಬ್ಬ ಬಡವಿಯನ್ನು ಕೂರಿಸಿದಂತಾಯಿತು, ಅಷ್ಟೇ.

ನೂರು ವರ್ಷದ ಹಿಂದೆ ಸೊಲ್ಲಾಪುರದಲ್ಲಿ ಅಮೇರಿಕನ್ ಮರಾಠಿ ಮಿಷನ್ನಿನವರು ಪುಟ್ಟ ಮಕ್ಕಳ ಶಾಲೆ ನಡೆಸಿದರು, ಅದಕ್ಕಾಗಿ ಶಿಕ್ಷಕಿಯರನ್ನು ತರಬೇತು ಮಾಡಿದರು. ಸಣ್ಣ ಮಕ್ಕಳನ್ನು ನೋಡುವುದು ಕಲಿಯಬೇಕಾದ ವಿದ್ಯೆ ಎಂದು ಅವರಿಗೆ ಆಗಲೇ ತಿಳಿದಿತ್ತು. ಇಂದು ನಮ್ಮ ಸಭಾಮಂದಿರಗಳು ಸೋಮವಾರದಿಂದ ಶನಿವಾರದ ತನಕ ಬೀಗ ಹಾಕಿಕೊಂಡಿರುತ್ತವೆ. ಗಾಳಿ ಬೆಳಕು ಇದೆ, ಅಂಗಳವಿದೆ, ನೀರಿನ ನಳ ಇದೆ. ಮಾಲಕರ ಹತ್ತಿರ ಹಣ ಕೇಳಲು ಹೋದಾಗ, ಜಾಗ ನಮ್ಮದು, ಕೂಲಿ ನಿಮ್ಮದು ಎಂದು ಹೇಳುವಂತಿದ್ದರೆ ಮಾತಿಗೆ ತೂಕ ಬರುತ್ತದೆ. ಆದರೆ ಜಾಗ ಕೊಟ್ಟೆವೆಂದು ಕೂಲಿಯನ್ನೂ ನಾವೇ ಕಾಣಿಕೆ ಎತ್ತಿ ಕೊಡಲು ಹೊರಡಬಾರದು. ಹಾಗೆ ಮಾಡಿದರೆ ಮಾಲಕ ಕೈ ಮುಗಿದು, ನಿಮ್ಮ ಸೇವೆ ದೊಡ್ಡದು ಎಂದು ಹೊಗಳಿ ಕಳಿಸುತ್ತಾನೆ.

ಈ ತಿಂಗಳು ಪ್ರತಿ ಓಣಿಯಿಂದ ಇಬ್ಬರು ಸಹೋದರಿಯರು ಮನೆ ಮನೆಗೆ ಹೋಗಿ ಒಂದು ಪಟ್ಟಿ ಮಾಡಿಕೊಂಡು ಬರಲಿ. ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳೆಷ್ಟು, ತಾಯಿ ಯಾವ ಕೆಲಸಕ್ಕೆ ಎಷ್ಟು ಹೊತ್ತಿಗೆ ಹೋಗುತ್ತಾಳೆ, ಎಷ್ಟು ಹೊತ್ತಿಗೆ ಬರುತ್ತಾಳೆ, ಯಾರಿಂದ ಕೂಲಿ ಪಡೆಯುತ್ತಾಳೆ. ಕೊನೆಯ ಅಂಕಣದಲ್ಲಿ, ಅವಳು ಹೋದಾಗ ಕೂಸನ್ನು ಯಾರು ನೋಡುತ್ತಾರೆ, ಅವರ ವಯಸ್ಸು ಎಷ್ಟು, ಆ ದಿನ ಅವರು ಶಾಲೆಗೆ ಹೋಗಿದ್ದರೇ ಎಂದು ಬರೆಯಲಿ. ಆ ಪಟ್ಟಿಯ ಒಂದು ಪ್ರತಿಯನ್ನು ಶಾಲೆಯ ಗುರುಗಳಿಗೆ, ಒಂದನ್ನು ಪಂಚಾಯತಿಗೆ, ಒಂದನ್ನು ಸೊಲ್ಲಾಪುರದ ಕಾರ್ಮಿಕ ಇಲಾಖೆಯ ಕಚೇರಿಗೆ ಕೊಡೋಣ. ಬೀಡಿ ಎಲೆ ಕೊಡುವ ದಿನ ಕಾರ್ಖಾನೆಯ ಬಾಗಿಲಿಗೆ ಹೋಗುವ ಸಹೋದರಿಯರು ನಾಲ್ಕನೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ಹೋಗಲಿ.